ಪಿಟೀಲು ಕಲಿತರೆ ಮಗುವಿನ ಐಕ್ಯೂ ಏರುತ್ತದೆಯೇ? ಲಾಸ್ ಏಂಜಲೀಸ್‌ನ ಮಕ್ಕಳ ಆರ್ಕೆಸ್ಟ್ರಾ ಮತ್ತು ಒಂದು ಫಾರ್ವರ್ಡ್‌ನ ಕತೆ

"ಸಂಗೀತ ಕಲಿಯುವ ಮಕ್ಕಳ ಮಿದುಳು ಬೇರೆ ಮಕ್ಕಳಿಗಿಂತ ಬೇಗ ಬೆಳೆಯುತ್ತದೆ, ಅಮೆರಿಕದ ವಿಜ್ಞಾನಿಗಳೇ ಹೇಳಿದ್ದಾರೆ." ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗೆ ಪಿಟೀಲು ಹಿಡಿದ ಪುಟ್ಟ ಮಕ್ಕಳ ಫೋಟೋ, ಬಣ್ಣಬಣ್ಣದ ಮಿದುಳಿನ ಸ್ಕ್ಯಾನ್, ಕೊನೆಗೆ "ಎಲ್ಲ ಪೋಷಕರಿಗೂ ತಲುಪಿಸಿ" ಎಂಬ ಸಾಲು. ಕೆಲವೊಮ್ಮೆ ಇದಕ್ಕೆ ಇನ್ನೊಂದು ಮಾತು ಅಂಟಿಕೊಂಡಿರುತ್ತದೆ: ಗರ್ಭಿಣಿಯರು ಮೊಜಾರ್ಟ್ ಸಂಗೀತ ಕೇಳಿದರೆ ಹುಟ್ಟುವ ಮಗು ಜಾಣ ಆಗುತ್ತದೆ ಅಂತ.

ಈ ಸಂದೇಶ ಪೂರ್ತಿ ಸುಳ್ಳಲ್ಲ. ಅದೇ ಇದರ ತೊಂದರೆ. ಪೂರ್ತಿ ಸುಳ್ಳಾದರೆ ಒಂದೇ ಸಾಲಿನಲ್ಲಿ ತಳ್ಳಿಹಾಕಬಹುದಿತ್ತು. ಇದರ ಹಿಂದೆ ನಿಜವಾದ ಮಕ್ಕಳಿದ್ದಾರೆ, ನಿಜವಾದ ಸಂಶೋಧನೆ ಇದೆ, ನಿಜವಾದ ಒಂದು ಆರ್ಕೆಸ್ಟ್ರಾ ಇದೆ. ಹಾಗಾಗಿ ಅಲ್ಲಿಂದಲೇ ಶುರುಮಾಡೋಣ.

ಇದು ಯಾವ ಆರ್ಕೆಸ್ಟ್ರಾ?

ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಹಬ್ಬದ ಪೆಂಡಾಲು, ಕೀಬೋರ್ಡು, ರಿದಂ ಪ್ಯಾಡು, ರಾಜ್‌ಕುಮಾರ್ ಹಾಡು ಹಾಡುವ ಇಬ್ಬರು ಗಾಯಕರು. ಸಿಂಫನಿ ಆರ್ಕೆಸ್ಟ್ರಾ ಬೇರೆಯದೇ. ಎಂಬತ್ತರಿಂದ ನೂರು ಜನ ವಾದಕರು ಒಟ್ಟಿಗೆ ಕೂರುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನರ ಕೈಯಲ್ಲಿ ಪಿಟೀಲು ಮತ್ತು ಅದರ ಬಂಧುಗಳಾದ ವಿಯೋಲಾ, ಚೆಲ್ಲೊ, ಡಬಲ್ ಬಾಸ್. ಅವರ ಹಿಂದೆ ಕೊಳಲಿನ ಬಗೆಯ ಊದುವ ವಾದ್ಯಗಳು, ಆಮೇಲೆ ಹಿತ್ತಾಳೆಯ ಟ್ರಂಪೆಟ್, ಟ್ರಾಂಬೋನ್, ತೀರಾ ಹಿಂದೆ ನಗಾರಿಯಂಥ ವಾದ್ಯಗಳು. ಎಲ್ಲರ ಮುಂದೆಯೂ ಬರೆದಿಟ್ಟ ಸ್ವರಗಳ ಹಾಳೆ. ನಮ್ಮ ಕಛೇರಿಯಲ್ಲಿ ಕಲಾವಿದರು ವೇದಿಕೆಯ ಮೇಲೇ ಮನೋಧರ್ಮದಿಂದ ರಾಗ ಬೆಳೆಸುತ್ತಾರೆ. ಇಲ್ಲಿ ಅದಕ್ಕೆ ಜಾಗವಿಲ್ಲ. ನೂರು ಜನ ಒಂದೇ ಕ್ಷಣಕ್ಕೆ ಬಿಲ್ಲು ಎತ್ತಬೇಕು, ಒಂದೇ ಕ್ಷಣಕ್ಕೆ ನಿಲ್ಲಿಸಬೇಕು. ಪಕ್ಕದವರನ್ನು ಕೇಳಿಸಿಕೊಳ್ಳದೆ ಇದು ಸಾಧ್ಯವೇ ಇಲ್ಲ.

ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ಅಂಥ ಒಂದು ವೃತ್ತಿಪರ ಆರ್ಕೆಸ್ಟ್ರಾ, ಹುಟ್ಟಿದ್ದು 1919ರಲ್ಲಿ. ಮುಂಬೈನಲ್ಲಿ ಹುಟ್ಟಿದ ಜುಬಿನ್ ಮೆಹ್ತಾ 1962ರಿಂದ 1978ರವರೆಗೆ ಅದರ ಸಂಗೀತ ನಿರ್ದೇಶಕರಾಗಿದ್ದರು. ಅವರ ತಂದೆ ಮೆಹ್ಲಿ ಮೆಹ್ತಾ ಅದೇ ಊರಿನಲ್ಲಿ 1964ರಲ್ಲಿ ಅಮೆರಿಕನ್ ಯೂತ್ ಸಿಂಫನಿ ಎಂಬ ಯುವ ವಾದ್ಯವೃಂದ ಕಟ್ಟಿ ಮೂರು ದಶಕ ನಡೆಸಿದರು. ಅದು ಸ್ವತಂತ್ರ ಸಂಸ್ಥೆಯಾಗಿತ್ತು. ಹಣಕಾಸು ಕೈಕೊಟ್ಟು 2024ರಲ್ಲಿ ಬಾಗಿಲು ಹಾಕಿತು.

ನಮ್ಮ ಫಾರ್ವರ್ಡ್‌ನ ಹಿಂದಿರುವುದು ಇನ್ನೊಂದು. 2007ರಲ್ಲಿ ಫಿಲ್‌ಹಾರ್ಮೋನಿಕ್ ತಾನೇ ಶುರುಮಾಡಿದ ಯೂತ್ ಆರ್ಕೆಸ್ಟ್ರಾ ಲಾಸ್ ಏಂಜಲೀಸ್, ಎಲ್ಲರೂ ಕರೆಯುವುದು ಯೋಲಾ ಎಂದು. ಬಡ ಮತ್ತು ಕೆಳಮಧ್ಯಮ ವರ್ಗದ ಬಡಾವಣೆಗಳ ಮಕ್ಕಳಿಗೆ ವಾದ್ಯವೂ ಉಚಿತ, ಪಾಠವೂ ಉಚಿತ. ಶಾಲೆ ಮುಗಿದ ಮೇಲೆ ವಾರಕ್ಕೆ ಹಲವು ದಿನ ತರಗತಿ. ಮೊದಲ ದಿನದಿಂದಲೇ ಗುಂಪಿನಲ್ಲಿ ನುಡಿಸುವುದು. 2016ರ ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ ಕೋಲ್ಡ್‌ಪ್ಲೇ ತಂಡದ ಜೊತೆ ಬಣ್ಣದ ಪಿಟೀಲು ಹಿಡಿದು ನುಡಿಸಿದರಲ್ಲ, ಆ ಮಕ್ಕಳು ಇವರೇ. 2021ರಲ್ಲಿ ಇಂಗಲ್‌ವುಡ್ ಎಂಬಲ್ಲಿ ಹಳೆಯ ಬ್ಯಾಂಕ್ ಕಟ್ಟಡವೊಂದನ್ನು ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಇವರಿಗಾಗಿ ತಾಲೀಮು ಕೇಂದ್ರವಾಗಿ ಬದಲಿಸಿದರು. ದೊಡ್ಡವರ ಆರ್ಕೆಸ್ಟ್ರಾ ನುಡಿಸುವ ಡಿಸ್ನಿ ಹಾಲ್‌ನ ವೇದಿಕೆಯ ಅಳತೆಗೆ ಹೊಂದುವ ಹಾಗೆ ಇಲ್ಲಿನ ವೇದಿಕೆಯನ್ನೂ ಮಾಡಿದ್ದಾರೆ. ಅಲ್ಲಿಗೆ ಹೋದಾಗ ಮಕ್ಕಳಿಗೆ ಹೊಸ ಜಾಗ ಅನ್ನಿಸಬಾರದು, ಅಷ್ಟೇ ಉದ್ದೇಶ.

ದೊಡ್ಡ ಆರ್ಕೆಸ್ಟ್ರಾಗೆ ಇದರಿಂದೇನು ಲಾಭ?

ವೃತ್ತಿಪರ ಆರ್ಕೆಸ್ಟ್ರಾಗಳು ಯುವ ವೃಂದಗಳನ್ನು ಸಾಕುವುದು ಹೊಸದಲ್ಲ. ಶಿಕಾಗೊ ಸಿಂಫನಿ 1919ರಲ್ಲೇ ಸಿವಿಕ್ ಆರ್ಕೆಸ್ಟ್ರಾ ಎಂಬ ತರಬೇತಿ ವೃಂದ ಕಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯ ಯುವ ವೃಂದ 1981ರದ್ದು. ಆದರೆ ಇವುಗಳಲ್ಲಿ ಎರಡು ಜಾತಿಗಳಿವೆ, ಆ ವ್ಯತ್ಯಾಸ ಗಮನಿಸದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಶಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಮೊದಲು ಪರೀಕ್ಷೆ: ನುಡಿಸಿ ತೋರಿಸಬೇಕು, ಚೆನ್ನಾಗಿ ನುಡಿಸುವವರಿಗೆ ಮಾತ್ರ ಜಾಗ. ಯೋಲಾದಲ್ಲಿ ಪಿಟೀಲು ಮುಟ್ಟದ ಆರು ವರ್ಷದ ಮಗುವೂ ಸೇರಬಹುದು.

ಪರೀಕ್ಷೆ ಇಟ್ಟು ಆರಿಸಿದ ಮಕ್ಕಳು ಮುಂದೆ ಒಳ್ಳೆಯ ಕಾಲೇಜಿಗೆ ಹೋದರೆ ಅದು ಆರ್ಕೆಸ್ಟ್ರಾದ ಮಹಿಮೆ ಎನ್ನಲಾಗುವುದಿಲ್ಲ. ಹತ್ತು ವರ್ಷ ಮನೆಪಾಠಕ್ಕೆ ದುಡ್ಡು ಕೊಡಬಲ್ಲ, ವಾರಾಂತ್ಯ ಕಾರಿನಲ್ಲಿ ಕರೆದೊಯ್ಯಬಲ್ಲ ಅಪ್ಪ ಅಮ್ಮ ಇದ್ದ ಮಕ್ಕಳು ಅವರು. ಎಂಟ್ರೆನ್ಸ್ ಬರೆಸಿ ಜಾಣರನ್ನಷ್ಟೇ ಸೇರಿಸಿಕೊಳ್ಳುವ ಕೋಚಿಂಗ್ ಸೆಂಟರ್‌ಗಳು ಆಮೇಲೆ ರ‍್ಯಾಂಕ್ ಬಂದವರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುವುದನ್ನು ನಾವು ದಿನಾ ನೋಡುತ್ತೇವೆ. ಲೆಕ್ಕ ಅದೇ.

ಇನ್ನು ಲಾಭದ ಮಾತು. ಅಮೆರಿಕದ ಆರ್ಕೆಸ್ಟ್ರಾಗಳ ಒಕ್ಕೂಟದ ಅಧ್ಯಯನದ ಪ್ರಕಾರ 2014ರಲ್ಲಿ ಅಲ್ಲಿನ ವಾದಕರಲ್ಲಿ ಲ್ಯಾಟಿನೊ ಮೂಲದವರು ಕೇವಲ 2.5 ಶೇಕಡಾ. ಲಾಸ್ ಏಂಜಲೀಸ್ ಪ್ರದೇಶದ ಜನಸಂಖ್ಯೆಯಲ್ಲಿ ಅವರು ಹತ್ತಿರ ಹತ್ತಿರ ಅರ್ಧ. ಊರಿನ ಅರ್ಧ ಜನಕ್ಕೆ ಸಂಬಂಧವಿಲ್ಲದ ಸಂಸ್ಥೆಗೆ ನಾಳೆ ಕೇಳುಗರೂ ಇರುವುದಿಲ್ಲ, ದಾನಿಗಳೂ ಇರುವುದಿಲ್ಲ. ಇಂಥ ಆರ್ಕೆಸ್ಟ್ರಾಗಳು ಬರೀ ಟಿಕೆಟ್ ದುಡ್ಡಿನಲ್ಲಿ ಎಂದೂ ಬದುಕಿದ್ದಿಲ್ಲ. 1940ರ ದಶಕದ ಕೊನೆಯಲ್ಲಿ ಲಂಡನ್‌ನ ಹೊಸ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಹಣಕೊಟ್ಟು ಎತ್ತಿಹಿಡಿದವರಲ್ಲಿ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಒಬ್ಬರು. ಯಾರೋ ಒಬ್ಬರು ಪೋಷಕರು ಸದಾ ಬೇಕು. ಯೋಲಾವನ್ನು ದಾನ ಎಂದಷ್ಟೇ ನೋಡಿದರೆ ಅರ್ಧ ಚಿತ್ರ ಮಾತ್ರ ಕಾಣುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅದರಲ್ಲಿ ಸ್ವಂತ ಉಳಿವಿನ ಲೆಕ್ಕಾಚಾರವೂ ಇದೆ, ಇದ್ದರೆ ತಪ್ಪೂ ಇಲ್ಲ.

ಮಿದುಳಿನ ಸ್ಕ್ಯಾನ್ ಎಲ್ಲಿಂದ ಬಂತು?

2012ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಿದುಳು ವಿಜ್ಞಾನಿಗಳು ಫಿಲ್‌ಹಾರ್ಮೋನಿಕ್ ಜೊತೆ ಸೇರಿ ಒಂದು ದೀರ್ಘ ಅಧ್ಯಯನ ಶುರುಮಾಡಿದರು. ಆರೇಳು ವರ್ಷದ ಮಕ್ಕಳು, ಹೆಚ್ಚಿನವರು ಬಡ ವಲಸಿಗರ ಮನೆಯವರು. ಅಸಲ್ ಹಬೀಬಿ ಮುಂದಾಳತ್ವದಲ್ಲಿ 2016ರಲ್ಲಿ ಬಂದ ಪ್ರಬಂಧದಲ್ಲಿ ಇದ್ದ ಮಕ್ಕಳ ಸಂಖ್ಯೆ 37. ಅದರಲ್ಲಿ 13 ಮಕ್ಕಳು ಯೋಲಾದಲ್ಲಿ ವಾರಕ್ಕೆ ಏಳು ಗಂಟೆಯವರೆಗೆ ಸಂಗೀತ ಕಲಿಯುತ್ತಿದ್ದರು. 11 ಮಕ್ಕಳು ಫುಟ್‌ಬಾಲ್ ಆಡುತ್ತಿದ್ದರು. ಉಳಿದ 13 ಮಕ್ಕಳು ಇಂಥ ಯಾವ ತರಗತಿಗೂ ಹೋಗುತ್ತಿರಲಿಲ್ಲ.

ಎರಡು ವರ್ಷದ ನಂತರ ನೋಡಿದಾಗ, ಸಂಗೀತದ ಮಕ್ಕಳಲ್ಲಿ ಶಬ್ದವನ್ನು ಗ್ರಹಿಸುವ ಮಿದುಳಿನ ವ್ಯವಸ್ಥೆ ಉಳಿದ ಎರಡೂ ಗುಂಪಿಗಿಂತ ಹೆಚ್ಚು ಮಾಗಿತ್ತು. ಸ್ವರ ಸ್ವಲ್ಪ ಏರಿದ್ದು, ಇಳಿದದ್ದನ್ನು ಅವರು ಚೆನ್ನಾಗಿ ಪತ್ತೆ ಹಚ್ಚುತ್ತಿದ್ದರು. ನಂತರ ಬಂದ ಇನ್ನೊಂದು ಪ್ರಬಂಧದಲ್ಲಿ ಮಿದುಳಿನ ಎಡಬಲ ಭಾಗಗಳನ್ನು ಜೋಡಿಸುವ ನರತಂತುಗಳಲ್ಲೂ ವ್ಯತ್ಯಾಸ ಕಂಡಿತು.

ಇಷ್ಟು ಪ್ರಬಂಧದಲ್ಲಿರುವುದು. ವಿಶ್ವವಿದ್ಯಾಲಯದ ಪ್ರಕಟಣೆಯ ತಲೆಬರಹ "ಸಂಗೀತ ತರಬೇತಿಯಿಂದ ಮಕ್ಕಳ ಮಿದುಳು ಬೇಗ ಬೆಳೆಯುತ್ತದೆ" ಎಂಬರ್ಥದ್ದಾಗಿತ್ತು. ಫಾರ್ವರ್ಡ್‌ಗೆ ಬರುವ ಹೊತ್ತಿಗೆ "ಬುದ್ಧಿ ಬೇಗ ಬೆಳೆಯುತ್ತದೆ" ಎಂದಾಗಿದೆ. "ಶಬ್ದ ಗ್ರಹಿಸುವ ವ್ಯವಸ್ಥೆ" ಎಂಬುದು ಮೊದಲು "ಮಿದುಳು" ಆಯಿತು, ಆಮೇಲೆ "ಬುದ್ಧಿ" ಆಯಿತು. ಸುಳ್ಳು ಯಾರೂ ಹೇಳಲಿಲ್ಲ. ದಾರಿಯಲ್ಲಿ ಒಂದೊಂದೇ ಪದ ಉದುರಿತು ಅಷ್ಟೆ.

ಇನ್ನೂ ಎರಡು ವಿಷಯ ಉದುರಿವೆ. ಒಂದು, ಸಂಖ್ಯೆ: ಸಂಗೀತದ ಗುಂಪಿನಲ್ಲಿದ್ದದ್ದು 13 ಮಕ್ಕಳು. ಇನ್ನೊಂದು, ಯಾವ ಮಗು ಯಾವ ಗುಂಪಿಗೆ ಎಂದು ಚೀಟಿ ಎತ್ತಿ ನಿರ್ಧರಿಸಿದ್ದಲ್ಲ. ಸಂಗೀತಕ್ಕೆ ಸೇರಿಸಬೇಕೆಂದು ಬಯಸಿದ ಮನೆಯವರು ಸೇರಿಸಿದ್ದರು. ಶುರುವಿನಲ್ಲಿ ಮೂರೂ ಗುಂಪಿನ ಮಕ್ಕಳು ಅಳತೆ ಮಾಡಿದ ವಿಷಯಗಳಲ್ಲಿ ಒಂದೇ ತರ ಇದ್ದರು ಎಂದು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ, ಅದು ಅವರ ಹೆಚ್ಚುಗಾರಿಕೆ. ಆದರೂ ಮಗುವನ್ನು ಪಿಟೀಲಿಗೆ ಕಳಿಸುವ ಮನೆಗೂ ಕಳಿಸದ ಮನೆಗೂ ಇರುವ ಎಲ್ಲ ವ್ಯತ್ಯಾಸವನ್ನು ಅಳೆಯಲು ಬರುವುದಿಲ್ಲ.

ಮತ್ತೆ ಮೊಜಾರ್ಟ್?

ಇದು ಇನ್ನೂ ಹಳೆಯ ಕತೆ, ಸ್ವಲ್ಪ ತಮಾಷೆಯದೂ ಹೌದು. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದೇ ಪುಟದ ವರದಿ ಬಂತು. 36 ಜನ ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್‌ನ ಎರಡು ಪಿಯಾನೊಗಳ ಸೊನಾಟಾ ಕೇಳಿದರು. ಆಮೇಲೆ ಕಾಗದ ಮಡಚಿ ಕತ್ತರಿಸಿದರೆ ಬಿಚ್ಚಿದಾಗ ಹೇಗೆ ಕಾಣುತ್ತದೆ ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಿದರು. ಸುಮ್ಮನೆ ಕೂತಾಗ ಬಂದದ್ದಕ್ಕಿಂತ ಅಂಕ ಎಂಟೊಂಬತ್ತು ಪಾಯಿಂಟ್ ಹೆಚ್ಚು ಬಂತು. ಹತ್ತು ಹದಿನೈದು ನಿಮಿಷದಲ್ಲಿ ಆ ಪ್ರಭಾವ ಇಳಿದೂ ಹೋಯಿತು.

ಹಸುಗೂಸುಗಳ ಮೇಲೆ ಪ್ರಯೋಗ ನಡೆದಿರಲಿಲ್ಲ. ಗರ್ಭಿಣಿಯರ ಮಾತೇ ಇರಲಿಲ್ಲ. ಆದರೆ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿಡಿ ಕೊಡಲು ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು. ವಾಟ್ಸಾಪ್ ಇಲ್ಲದ ಕಾಲದಲ್ಲೇ ಫಾರ್ವರ್ಡ್ ಈ ಮಟ್ಟಕ್ಕೆ ಹೋಗಿತ್ತು ಎಂಬುದನ್ನು ನೆನಪಿಡಿ.

ಮುಂದೆ ಬೇರೆಯವರು ಇದೇ ಪ್ರಯೋಗ ಮಾಡಿದಾಗ ಫಲಿತಾಂಶ ಕರಗುತ್ತಾ ಹೋಯಿತು. ಒಂದು ಪ್ರಯೋಗದಲ್ಲಿ ಮೊಜಾರ್ಟ್ ಬದಲು ಸ್ಟೀಫನ್ ಕಿಂಗ್‌ನ ಕತೆ ಕೇಳಿಸಿದರು. ಕತೆ ಇಷ್ಟಪಟ್ಟವರು ಕತೆ ಕೇಳಿದ ಮೇಲೆ ಚೆನ್ನಾಗಿ ಉತ್ತರಿಸಿದರು, ಸಂಗೀತ ಇಷ್ಟಪಟ್ಟವರು ಸಂಗೀತ ಕೇಳಿದ ಮೇಲೆ. ಅಂದರೆ ಮನಸ್ಸು ಉಲ್ಲಾಸದಲ್ಲಿದ್ದರೆ ಸ್ವಲ್ಪ ಹೊತ್ತು ಕೆಲಸ ಚುರುಕಾಗಿ ಸಾಗುತ್ತದೆ. ಒಳ್ಳೆಯ ಫಿಲ್ಟರ್ ಕಾಫಿಯ ಬಗ್ಗೆಯೂ ಇದನ್ನೇ ಹೇಳಬಹುದು. 2010ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಮೂವರು, ಸುಮಾರು 40 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕಹಾಕಿ, ಮೊಜಾರ್ಟ್‌ಗೆ ಮಾತ್ರ ಇರುವ ವಿಶೇಷ ಶಕ್ತಿ ಏನೂ ಇಲ್ಲ ಎಂದರು. ಮೊಜಾರ್ಟ್ ಬದುಕಿನ ಕೊನೆಯ ಹತ್ತು ವರ್ಷ ಕಳೆದ ಊರಿನಿಂದಲೇ ಈ ತೀರ್ಪು ಬಂತು.

ಕೇಳುವುದು ಬೇಡ, ಕಲಿತರೆ?

ಇದು ಗಂಭೀರ ಪ್ರಶ್ನೆ. ಕೇಳುವುದು ಹತ್ತು ನಿಮಿಷದ್ದು, ಕಲಿಯುವುದು ವರ್ಷಗಳದ್ದು.

2004ರಲ್ಲಿ ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ ಆರು ವರ್ಷದ 144 ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿದರು. ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡುಗಾರಿಕೆ, ಕೆಲವರಿಗೆ ನಾಟಕ, ಉಳಿದವರಿಗೆ ಏನೂ ಇಲ್ಲ. ವರ್ಷದ ಕೊನೆಗೆ ಎಲ್ಲರ ಐಕ್ಯೂ ಏರಿತ್ತು, ಏಕೆಂದರೆ ಎಲ್ಲರೂ ಆ ವರ್ಷ ಶಾಲೆಗೆ ಹೋಗಿದ್ದರು. ಸಂಗೀತದವರದು ಸುಮಾರು 7 ಪಾಯಿಂಟ್ ಏರಿತ್ತು, ಉಳಿದವರದು ಸುಮಾರು 4.3. ವ್ಯತ್ಯಾಸ ಮೂರು ಪಾಯಿಂಟೂ ಇಲ್ಲ. ಅದೇ ಅಧ್ಯಯನದಲ್ಲಿ ನಾಟಕ ಕಲಿತವರು ಇತರರೊಂದಿಗೆ ಬೆರೆಯುವುದರಲ್ಲಿ ಸುಧಾರಿಸಿದ್ದರು. ಈ ಸಾಲು ಯಾವ ಫಾರ್ವರ್ಡ್‌ನಲ್ಲೂ ನಮಗೆ ಸಿಕ್ಕಿಲ್ಲ. ನಾಟಕಕ್ಕೆ ಮೊಜಾರ್ಟ್‌ನಷ್ಟು ಮಾರ್ಕೆಟಿಂಗ್ ಇಲ್ಲ, ಅದಕ್ಕೇ ಇರಬೇಕು.

2020ರಲ್ಲಿ ಜೊವಾನಿ ಸಾಲಾ ಮತ್ತು ಫರ್ನಾಂಡ್ ಗೊಬೆ 54 ಅಧ್ಯಯನಗಳ, ಸುಮಾರು 7,000 ಮಕ್ಕಳ ಮಾಹಿತಿ ಕಲೆಹಾಕಿದರು. ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿ, ಹೋಲಿಕೆಯ ಗುಂಪಿಗೂ ಬೇರೇನಾದರೂ ಕಲಿಸಿದ ಕಟ್ಟುನಿಟ್ಟಿನ ಅಧ್ಯಯನಗಳನ್ನು ಮಾತ್ರ ನೋಡಿದಾಗ, ಬುದ್ಧಿಮತ್ತೆ ಮತ್ತು ಶಾಲೆಯ ಅಂಕಗಳ ಮೇಲೆ ಸಂಗೀತದ ಪರಿಣಾಮ ಹತ್ತಿರ ಹತ್ತಿರ ಸೊನ್ನೆ. ಇದನ್ನು ಎಲ್ಲರೂ ಒಪ್ಪಿಲ್ಲ. ಫ್ರಾನ್ಸ್‌ನ ಇಬ್ಬರು ಸಂಶೋಧಕರು ಅದೇ ಮಾಹಿತಿಯನ್ನು ಮತ್ತೆ ಲೆಕ್ಕಹಾಕಿ ಸಣ್ಣ ಲಾಭ ಇದೆ ಎಂದು ವಾದಿಸಿದ್ದಾರೆ. ಜಗಳ ನಡೆದಿರುವುದು "ಸಣ್ಣದು" ಮತ್ತು "ಇಲ್ಲವೇ ಇಲ್ಲ" ಎಂಬುದರ ನಡುವೆ. "ಜೀನಿಯಸ್ ಆಗುತ್ತಾರೆ" ಎಂಬ ಮಾತು ಕಣದಲ್ಲೇ ಇಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಹೂ ಕಟ್ಟುವವರ ಬೆರಳಿನ ಚುರುಕು ಹೂ ಕಟ್ಟುವುದರಲ್ಲಿ ಕಾಣುತ್ತದೆ, ಬಹುಶಃ ಬುಟ್ಟಿ ಹೆಣೆಯುವುದರಲ್ಲೂ. ಲೆಕ್ಕದ ಪರೀಕ್ಷೆಯಲ್ಲಿ ಕಾಣಬೇಕಾಗಿಲ್ಲ. ಪಿಟೀಲು ಕಲಿತ ಮಗುವಿನ ಕಿವಿ ಚುರುಕಾಗುತ್ತದೆ, ಲಾಸ್ ಏಂಜಲೀಸ್‌ನ ಮಕ್ಕಳಲ್ಲಿ ಕಂಡದ್ದೂ ಅದೇ.

ಹಾಗಾದರೆ ಬಡಾವಣೆಯ ಮಕ್ಕಳಿಗೆ ಏನು ಸಿಕ್ಕಿತು?

ಯೋಲಾದ ಮೂಲ ವೆನೆಜುವೆಲಾದಲ್ಲಿದೆ. 1975ರಲ್ಲಿ ಹೋಸೆ ಅಂಟೋನಿಯೊ ಅಬ್ರೆಯು ಅಲ್ಲಿ ಕಟ್ಟಿದ 'ಎಲ್ ಸಿಸ್ತೇಮಾ' ಎಂಬ ವ್ಯವಸ್ಥೆಯಲ್ಲಿ ಲಕ್ಷಾಂತರ ಮಕ್ಕಳು ಆರ್ಕೆಸ್ಟ್ರಾಗಳಲ್ಲಿ ನುಡಿಸಿದ್ದಾರೆ. 2009ರಲ್ಲಿ ಲಾಸ್ ಏಂಜಲೀಸ್‌ನ ಸಂಗೀತ ನಿರ್ದೇಶಕರಾದ ಗುಸ್ತಾವೊ ದುದಮೆಲ್ ಅಲ್ಲೇ ಬೆಳೆದವರು. ಆರ್ಕೆಸ್ಟ್ರಾ ಮಕ್ಕಳನ್ನು ಬಡತನದಿಂದ, ಬೀದಿಯ ಹಿಂಸೆಯಿಂದ ಎತ್ತುತ್ತದೆ ಎಂಬ ಮಾತು ಅಲ್ಲಿಂದಲೇ ಜಗತ್ತಿಗೆ ಹರಡಿತು.

ಇದನ್ನೂ ಒರೆಗೆ ಹಚ್ಚಿದ್ದಾರೆ. ವೆನೆಜುವೆಲಾದ 16 ಕೇಂದ್ರಗಳಲ್ಲಿ 6ರಿಂದ 14 ವರ್ಷದ 2,914 ಮಕ್ಕಳಿಗೆ ಲಾಟರಿಯಂತೆ ಪ್ರವೇಶ ಕೊಟ್ಟು, ಕೆಲವರಿಗೆ ಒಂದು ವರ್ಷ ಮೊದಲು, ಉಳಿದವರಿಗೆ ಒಂದು ವರ್ಷ ತಡವಾಗಿ ಕಲಿಸಿ ಹೋಲಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮಕ್ಕಳ ಆತ್ಮಸಂಯಮ ಸ್ವಲ್ಪ ಹೆಚ್ಚಿತ್ತು, ನಡವಳಿಕೆಯ ತೊಂದರೆಗಳು ಸ್ವಲ್ಪ ಕಡಿಮೆಯಾಗಿದ್ದವು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ, ನಮ್ಮ ಮಟ್ಟಿಗೆ ಅದೇ ಮುಖ್ಯ. ಸೇರಿದ ಮಕ್ಕಳಲ್ಲಿ ಬಡವರು 16.7 ಶೇಕಡಾ. ಆ ರಾಜ್ಯಗಳಲ್ಲಿ ಆ ವಯಸ್ಸಿನ ಮಕ್ಕಳಲ್ಲಿ ಬಡವರು 46.5 ಶೇಕಡಾ. ಬಡ ಮಕ್ಕಳಿಗಾಗಿ ಎಂದು ಜಗತ್ತೇ ಕೊಂಡಾಡಿದ ಉಚಿತ ಕಾರ್ಯಕ್ರಮಕ್ಕೆ ಬಂದವರಲ್ಲಿ ಹೆಚ್ಚಿನವರು ಬಡವರಲ್ಲ. ಶುಲ್ಕ ಇಲ್ಲದಿದ್ದರೆ ಸಾಲದು. ಸಂಜೆ ಮಗುವನ್ನು ಕರೆತರಲು ಯಾರಿಗಾದರೂ ಬಿಡುವಿರಬೇಕು, ಬಸ್ ಇರಬೇಕು, ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ಇರಬೇಕು. ಯೋಲಾ ಬಡಾವಣೆಯ ಒಳಗೇ ಕೇಂದ್ರ ತೆರೆಯುವುದು ಇದೇ ಕಾರಣಕ್ಕೆ. ಉಚಿತ ಬೇಸಿಗೆ ಶಿಬಿರ ನಡೆಸುವ ನಮ್ಮ ಊರಿನವರಿಗೂ ಈ ಅನುಭವ ಗೊತ್ತಿರುತ್ತದೆ.

ಟೀಕೆಯೂ ಇದೆ. ಬ್ರಿಟನ್ನಿನ ಸಂಗೀತ ವಿದ್ವಾಂಸ ಜೆಫ್ರಿ ಬೇಕರ್ 2014ರ ತಮ್ಮ ಪುಸ್ತಕದಲ್ಲಿ, ಒಬ್ಬ ಕಂಡಕ್ಟರ್ ಕೈ ಎತ್ತಿದಂತೆ ಎಲ್ಲರೂ ನುಡಿಸುವ ಈ ಪದ್ಧತಿ ಮಕ್ಕಳಿಗೆ ವಿಧೇಯತೆ ಕಲಿಸುತ್ತದೆಯೇ ಹೊರತು ಪ್ರಶ್ನಿಸುವುದನ್ನಲ್ಲ ಎಂದು ಬರೆದರು. ಇದನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಆದರೆ ಆರ್ಕೆಸ್ಟ್ರಾ ಎಂದರೆ ತಾನಾಗಿಯೇ ಸಮಾನತೆ ಎಂದು ನಂಬಿದವರು ಒಮ್ಮೆ ಕೇಳಿಸಿಕೊಳ್ಳಬೇಕಾದ ಮಾತು.

ಪೋಷಕರು ಫೀಸು ಕಟ್ಟುವ ಮುನ್ನ

ನಮ್ಮ ನಗರಗಳಲ್ಲಿ "ಬ್ರೈನ್ ಡೆವಲಪ್‌ಮೆಂಟ್" ಹೆಸರಿನಲ್ಲಿ ಸಂಗೀತ ತರಗತಿ ಮಾರುವವರಿದ್ದಾರೆ. ಅಂಕ ಏರಲಿ ಎಂದು ಸೇರಿಸಿದ ಮಗುವಿನ ಅಂಕ ಏರದಿದ್ದರೆ ಎಸ್ಸೆಸ್ಸೆಲ್ಸಿ ಬರುವ ಹೊತ್ತಿಗೆ ಮೊದಲು ನಿಲ್ಲುವುದು ಅದೇ ತರಗತಿ. ಐದಾರು ವರ್ಷ ಕಷ್ಟಪಟ್ಟು ವರ್ಣ ಮುಗಿಸಿ ಕೃತಿಗೆ ಬಂದ ಮಗು ಅಲ್ಲಿಗೆ ಬಿಟ್ಟುಬಿಡುತ್ತದೆ. ಫಾರ್ವರ್ಡ್ ಮಾಡುವ ನಿಜವಾದ ಹಾನಿ ಇದು. ಪಾಠ ಕೊಡದ ಲಾಭದ ಹೆಸರಿನಲ್ಲಿ ಸೇರಿಸಿ, ಆ ಲಾಭ ಬರಲಿಲ್ಲವೆಂದು, ಪಾಠ ಕೊಟ್ಟಿದ್ದನ್ನೂ ಕಿತ್ತುಕೊಳ್ಳುವುದು. ಮೇಷ್ಟ್ರನ್ನು ಕೇಳಬೇಕಾದದ್ದು ಐಕ್ಯೂ ಬಗ್ಗೆ ಅಲ್ಲ. ಬೇರೆ ಮಕ್ಕಳ ಜೊತೆ ಕೂತು ನುಡಿಸಲು, ಹಾಡಲು ಎಷ್ಟು ಅವಕಾಶ ಇದೆ, ವಾದ್ಯ ಬಾಡಿಗೆಗೆ ಸಿಗುತ್ತದೆಯೇ, ಮನೆಯಲ್ಲಿ ದಿನಕ್ಕೆ ಎಷ್ಟು ಅಭ್ಯಾಸ ಬೇಕು, ಇವನ್ನು ಕೇಳಿ.

ಆರೋಗ್ಯದ ವಿಷಯ ಒಂದು ಉಳಿದಿದೆ, ಇದರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ: ಕಿವಿ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಶಬ್ದ ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹಾಕಿದ ಗೆರೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸುರಕ್ಷಿತ ಸಮಯ ಅರ್ಧಕ್ಕರ್ಧ ಇಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹಿತ್ತಾಳೆ ವಾದ್ಯಗಳ ಮುಂದೆ ಕೂತವರಿಗೆ ಈ ಮಟ್ಟ ಸುಲಭವಾಗಿ ದಾಟುತ್ತದೆ. ಲಂಡನ್‌ನ ರಾಯಲ್ ಒಪೆರಾ ಹೌಸ್‌ನ ಒಬ್ಬ ವಿಯೋಲಾ ವಾದಕರು 2012ರ ತಾಲೀಮಿನಲ್ಲಿ ಹಿಂದಿನ ಸಾಲಿನ ಹಿತ್ತಾಳೆ ವಾದ್ಯಗಳ ಅಬ್ಬರಕ್ಕೆ ಕಿವಿ ಕಳೆದುಕೊಂಡು ಕೋರ್ಟಿಗೆ ಹೋದರು, 2018ರಲ್ಲಿ ಗೆದ್ದರು. ಪಿಟೀಲು ನುಡಿಸುವವರ ಎಡಗಿವಿ ವಾದ್ಯಕ್ಕೆ ತೀರಾ ಹತ್ತಿರ ಇರುತ್ತದೆ. ಡೊಳ್ಳು, ತಮಟೆ, ಬ್ಯಾಂಡ್ ಸೆಟ್ ಕಲಿಯುವ ಮಕ್ಕಳಿಗೂ ಇದೇ ಲೆಕ್ಕ. ತಾಲೀಮಿನ ನಡುವೆ ಬಿಡುವು ಕೊಡಿ, ಸಂಗೀತಗಾರರಿಗೆಂದೇ ಸಿಗುವ ಇಯರ್‌ಪ್ಲಗ್ ಹಾಕಿಸಿ. ಅಭ್ಯಾಸ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ಮಗು ಹೇಳಿದರೆ, ಅದು ಮರುದಿನವೂ ನಿಲ್ಲದಿದ್ದರೆ, ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ.